ಬಿಸಿಲಿನಲ್ಲಿ ಅರಳಿದ ಚೆಂಡುಹೂವಿನ ಬೀಜ

ರಾತ್ರಿ ಎಲ್ಲರೂ ಮಲಗಿದ ಮೇಲೆ ಪಡಸಾಲೆಯಲ್ಲಿ ಪರಪರ ಎಂಬ ಸಣ್ಣ ಸದ್ದು ಕೇಳಿತು. ಲಾಲಮ್ಮ ಎದ್ದು ನೋಡಿದಳು. ಅತ್ತೆ ಬಸ್ಸಮ್ಮ ಮೊರದಲ್ಲಿ ಒಣ ಚೆಂಡುಹೂವು ತಿಕ್ಕಿ ಬೀಜ ಬಿಡಿಸುತ್ತ ಕುಳಿತಿದ್ದಳು.

"ಅತ್ತೀ, ಇವು ದೀವಳಗಿ ಹೂವಿನ ಬೀಜ ಅಲ್ರಿ?"

"ಮತ್ಯಾವು? ಮುಷ್ಟಿ ಗಾತ್ರದ ಹೂವು. ನಮ್ಮತ್ತಿ ಕಾಲದಿಂದ ದೊಡ್ಡ ಹೂವೇ ಬೀಜಕ್ಕ ಇಡ್ತೇವಿ. ನಾಳಿ ಮಡಿಗೆ ಹಾಕ್ತೇನಿ."

ಲಾಲಮ್ಮನಿಗೆ ಮತ್ತೆ ನಿದ್ದೆ ಬರಲಿಲ್ಲ. ಕಳೆದ ಬೇಸಿಗೆಗೂ ಇಂಥದೇ ಬೀಜ ಹಾಕಿದ್ದರು. ಶಹಾಪುರದ ಆಚೆಗಿನ ಅವರ ಊರಿಗೆ ಕಾಲುವೆ ನೀರಿದೆ. ಹೂವಿನ ಮಡಿಗೆ ನೀರು ತಪ್ಪಿರಲಿಲ್ಲ. ಆದರೂ ಏಪ್ರಿಲ್ ಬಿಸಿಲಿಗೆ ಹೆಚ್ಚಿನ ಮೊಗ್ಗು ಅರಳದೆ ಕರಕಲಾದವು. ಬಾಬಾಸಾಹೇಬರ ಜಯಂತಿಗೆ ಬಜಾರದಿಂದ ಬಾಡಿದ ಮಾಲೆ ತರಬೇಕಾಯಿತು. ಮೆರವಣಿಗೆ ಊರ ಬಾಗಿಲಾದ ಅಗಸಿ ದಾಟುವಷ್ಟರಲ್ಲಿ ಎಸಳು ಉದುರಿ ಬರೀ ದಾರ ಉಳಿಯಿತು. "ಹೂವಿನ ಹೊಲ ಇದ್ದವ್ರ ಮಾಲಿ ನೋಡ್ರಿ!" ಎಂದು ಪಕ್ಕದ ಮನೆಯ ಸುಂದ್ರಮ್ಮ ಎಲ್ಲರೆದುರು ನಕ್ಕಿದ್ದಳು. ಈ ಸಲ ನಮ್ಮ ಹೊಲದ ಹೂವಿನದೇ ಮಾಲೆ ಎಂದು ಲಾಲಮ್ಮ ಮಹಿಳಾ ಸಂಘದಲ್ಲಿ ಮಾತು ಕೊಟ್ಟಿದ್ದಳು.

ಬೆಳಗಾದ ಮೇಲೆ ಅವಳು ಗೆಳತಿ ಹಜರಾಬೀಯನ್ನು ಮನೆಗೆ ಕರೆತಂದಳು. ಹಜರಾಬೀ ತೋಟಗಾರಿಕೆ ಓದಿ, ಶಹಾಪುರದಲ್ಲಿ ಸಸಿಗಳ ನರ್ಸರಿ ನಡೆಸುತ್ತಾಳೆ.

"ಬಸ್ಸವ್ವ, ಹೋದ ಬ್ಯಾಸಿಗ್ಯಾಗ ನಿಮ್ಮ ಗಿಡ ಎಲ್ಲಾ ಸುಟ್ಟಿದ್ವೇನ್ರಿ?"

"ಕೆಲವು ಬದುಕಿ ಹೂವು ಬಿಟ್ಟಿದ್ವು. ಎಷ್ಟಿದ್ವು ಹೂವು? ಅಂಗಿ ಗುಂಡಿಯಷ್ಟು! ಈಕಿ ಅವುಗಳ ಬೀಜಾನೇ ಬಂಗಾರದಂಗ ಗಂಟು ಕಟ್ಟಿ ಇಟ್ಟಾಳ."

"ಅದನ್ನೇ ಬಿತ್ರಿ."

"ಹಾಂ! ಬಡಕಲ ಹೂವಿನ ಬೀಜ ಬಿತ್ತಿ ದೊಡ್ಡ ಮಾಲಿ ಕಟ್ಟು ಅಂತೀ? ಕೆನಾಲ್ ನೀರು ಅದ. ನೀರಿದ್ದ ಗಿಡಕ್ಕ ಬಿಸಲೇನ್ ಮಾಡ್ತದ?"

"ತತ್ತಿ ನೀರಾಗೇ ಇಟ್ಟು ಕುದಸ್ತೀರಿ. ನೀರಾಗ ಅದ ಅಂತ ಒಳಗಿನ ಬಿಳಿ ಗಟ್ಟಿ ಆಗೂದು ಬಿಡ್ತದೇನ್ರಿ?"

ಬಸ್ಸಮ್ಮ ಬೀಜದ ಮೊರ ಪಕ್ಕಕ್ಕಿಟ್ಟಳು. ಹಜರಾಬೀ ಮುಂದುವರಿಸಿದಳು.

"ಆ ಬಿಳಿ ಅಂದ್ರ ಪ್ರೊಟೀನ್. ಗಿಡದೊಳಗೂ ಪ್ರೊಟೀನ್ ಇರ್ತಾವ. ಸೆಕಿ ಹೆಚ್ಚಾದ್ರ ಅವೂ ಕೆಡ್ತಾವ, ಮೊಗ್ಗು ಸಾಯ್ತದ. ಈಗ ಕೇಳ್ರಿ. ಅವ್ವನ ಮಾರಿ ಕೂಸಿಗೆ ಬರ್ತದಲ್ಲ, ಅದಕ್ಕ ಕಾರಣ ಜೀನ್. ಗಿಡಕ್ಕೂ ಜೀನ್ ಅದಾವ. ಕೆಲವು ಜೀನ್ ಸೆಕಿ ಹತ್ತಿದ ಕೂಡ್ಲೇ ಎಚ್ಚರಾಗಿ ಕಾವಲಿನ ಪ್ರೊಟೀನ್ ತಯಾರ್ ಮಾಡ್ತಾವ. ಅವು ಉಳಿದವನ್ನ ಕೆಡದಂಗ ಹಿಡಕೋತಾವ. ಎಲ್ಲಾ ಗಿಡದಾಗೂ ಈ ಜೀನ್ ಇರ್ತಾವ, ಕೆಲವುದರಾಗ ಜಲ್ದಿ, ಜೋರು ಕೆಲಸ ಮಾಡ್ತಾವ. ಆ ಗುಣ ಬೀಜಕ್ಕ ಇಳೀತದ."

"ಮತ್ತ ನನ್ನ ದೀವಳಗಿ ಹೂವು?"

"ಅದು ಥಂಡ್ಯಾಗ ಬೆಳದದ್ದು. ಬಿಸಲಿಗೆ ನಿಲ್ತದಂತ ಯಾರು ನೋಡ್ಯಾರ? ಹೊಟ್ಟಿ ನೋಡಿ ಪೈಲ್ವಾನ ಅಂದಂಗ ಆಯ್ತು."

ಬಸ್ಸಮ್ಮನಿಗೆ ನಗು ಬಂತು, ಹಟ ಮಾತ್ರ ಹೋಗಲಿಲ್ಲ. "ಅರ್ಧ ಮಡಿ ನಂದು, ಅರ್ಧ ಸೊಸೀದು. ಬಿಸಲೇ ಪಂಚಾಯ್ತಿ ಮಾಡ್ಲಿ."

ಎರಡಕ್ಕೂ ಒಂದೇ ನೀರು, ಒಂದೇ ಗೊಬ್ಬರ. ಬಸ್ಸಮ್ಮನ ಗಿಡಗಳು ಮೊದಲು ಎತ್ತರಕ್ಕೆ ಬೆಳೆದವು. "ಸೊಂಟ ಮುಟ್ಟ್ಯಾವ ನೋಡು. ನಿನ್ನವು ಇನ್ನಾ ಅಂಬೆಗಾಲು ಇಡಾಕತ್ತಾವ," ಎಂದು ಅವಳು ಸೊಸೆಯನ್ನು ಚುಚ್ಚುತ್ತಿದ್ದಳು. ಲಾಲಮ್ಮ ಮೊಗ್ಗುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಏಪ್ರಿಲ್ ಬಂತು, ಬಿಸಿಗಾಳಿ ಎದ್ದಿತು. ಅತ್ತೆಯ ಮಡಿಯಲ್ಲಿ ಮೊಗ್ಗು ಕಂದಿದವು. ಸೊಸೆಯ ಮಡಿಯಲ್ಲೂ ಕೆಲವು ಗಿಡ ಸೋತವು, ಆದರೆ ಹೆಚ್ಚಿನವು ಅರಳಿದವು. ಹೂವು ಚಿಕ್ಕವು, ಹಳದಿ ಮಾತ್ರ ಕಣ್ಣು ಕುಕ್ಕುವಂತಿತ್ತು.

ಜಯಂತಿಯ ದಿನ ಆ ಹೂವಿನ ಮಾಲೆ ಟ್ರ್ಯಾಕ್ಟರಿನ ಮೇಲಿಟ್ಟ ಬಾಬಾಸಾಹೇಬರ ಭಾವಚಿತ್ರದ ಎರಡೂ ಬದಿಗೆ ಇಳಿದು ಟ್ರ್ಯಾಕ್ಟರಿನ ಅಂಚು ಮುಟ್ಟಿತು. ಮೆರವಣಿಗೆ ಊರೆಲ್ಲ ಸುತ್ತಿ ಬಂದರೂ ಎಸಳು ಗಟ್ಟಿಯಾಗಿದ್ದವು.

"ಎಲ್ಲಿಂದ ತರ್ಸೀರಿ, ಹೈದರಾಬಾದಿಂದೇನು?" ಎಂದಳು ಸುಂದ್ರಮ್ಮ.

"ನಮ್ಮ ಹೊಲದ್ವು! ನಂಬಿಕಿ ಇಲ್ಲಂದ್ರ ಬಾ, ಬೇರು ತೋರಸ್ತೇನಿ," ಎಂದು ಬಸ್ಸಮ್ಮ ಎದೆಯುಬ್ಬಿಸಿದಳು. ಲಾಲಮ್ಮನ ಕಣ್ಣು ತುಂಬಿ ಬಂತು.

ಹಜರಾಬೀ ಬಳಿಗೆ ಬಂದಳು. "ಬಸ್ಸವ್ವ, ಇನ್ನ ಎಲ್ಲಾ ಹೂವು ಹರೀಬ್ಯಾಡ್ರಿ. ಛಲೋ ನಿಂತ ಗಿಡಕ್ಕ ಗುರ್ತು ಕಟ್ಟಿ ಬೀಜಕ್ಕ ಬಿಡ್ರಿ."

"ಗಿಡಕ್ಕ ತಾಯತ ಕಟ್ಟಂತೀ? ನನ್ನಿಂದ ಆಗೂದಿಲ್ಲ ತಗಿ. ಈ ವರ್ಷ ಗಾಳಿ ಛಲೋ ಇತ್ತು, ಅರಳ್ಯಾವ," ಎಂದು ಬಸ್ಸಮ್ಮ ಮುಖ ತಿರುಗಿಸಿದಳು.

ಸಂಜೆ ಲಾಲಮ್ಮ ನೀರು ಬಿಡಲು ಹೊಲಕ್ಕೆ ಹೋದಳು. ಅಲ್ಲಿ ಆಗಲೇ ಅತ್ತೆ ಇದ್ದಳು. ಹಳೆಯ ಸೀರೆಯ ಅಂಚು ಹರಿದು, ಸೊಸೆಯ ಮಡಿಯಲ್ಲಿ ಗಟ್ಟಿಯಾಗಿ ನಿಂತ ಗಿಡಗಳನ್ನು ಹುಡುಕಿ ಹುಡುಕಿ ಕಟ್ಟುತ್ತಿದ್ದಳು. "ನಿಮ್ಮ ಮಕ್ಕಳಿಗೂ ಹಿಂಗ ನಿಲ್ಲೂದು ಕಲಸ್ರವ್ವ," ಎಂದು ಗಿಡಗಳ ಜೊತೆ ಮಾತಾಡುತ್ತಿದ್ದಳು.

ಅಕ್ಕತಂಗಿಯರೇ, ಬಸ್ಸಮ್ಮ ಮಾಡುತ್ತಿದ್ದುದನ್ನೇ ನೀವೂ ಮಾಡಿ. ಬೇಸಿಗೆ ಬೆಳೆಗೆ ಬೀಜ ಬೇಕಾದರೆ ಹೂವಿನ ಗಾತ್ರವೊಂದನ್ನೇ ನೋಡಬೇಡಿ. ಸುಡುಬಿಸಿಲಿನಲ್ಲಿ ಅರಳಿದ ಗಿಡವನ್ನು ಗುರುತಿಸಿ, ಅದರ ಹೂವು ಗಿಡದಲ್ಲೇ ಒಣಗಲಿ, ಬೀಜವನ್ನು ಬೇರೆಯಾಗಿ ಇಡಿ. ಒಂದೇ ವರ್ಷಕ್ಕೆ ಎಲ್ಲ ಗಿಡ ಗಟ್ಟಿಯಾಗುವುದಿಲ್ಲ, ಪ್ರತಿ ಬೇಸಿಗೆ ಆರಿಸುತ್ತ ಹೋಗಿ. ಅಂಗಡಿಯ ಹೈಬ್ರಿಡ್ ಗಿಡದಿಂದ ತೆಗೆದ ಬೀಜದಲ್ಲಿ ತಾಯಿಗಿಡದ ಗುಣ ಹಾಗೆಯೇ ಬರುವುದಿಲ್ಲ. ಇದಕ್ಕೆ ನಾಟಿ ತಳಿಯೇ ಬೇಕು. ಸಂದೇಹವಿದ್ದರೆ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ. ನಮ್ಮ ಬಿಸಿಲನ್ನು ಗೆದ್ದ ಬೀಜ ನಮ್ಮ ಹೊಲದಲ್ಲೇ ಇರುವುದು ನಮಗೆ ಹೆಮ್ಮೆ.

ಆ ಸಂಜೆ ಲಾಲಮ್ಮ ಮಾತ್ರ ಅತ್ತೆಗೆ ಗೊತ್ತಾಗದಂತೆ ಕೆಮ್ಮದೆ, ಬಳೆ ಸದ್ದಾಗದಂತೆ ಸೆರಗಿನಲ್ಲಿ ಕೈ ಸುತ್ತಿಕೊಂಡು, ಬದುವಿನಿಂದಲೇ ಹಿಂದಿರುಗಿದಳು. ಅತ್ತೆಯ ಮಾನ ಉಳಿಯಲೆಂದು, ತಾನು ಕಂಡದ್ದನ್ನು ಸುಂದ್ರಮ್ಮನಿಗಿರಲಿ, ಹಜರಾಬೀಗೂ ಹೇಳಬಾರದೆಂದು ದಾರಿಯಲ್ಲೇ ನಿಶ್ಚಯಿಸಿದಳು.