ಎದುರು ಅಂಗಳದ ಕೂಗು

ತೊಂಬತ್ತೆಂಟರಲ್ಲಿ ಚಳ್ಳಕೆರೆಯ ಕ್ಲಬ್ಬಿನವರು ಟೆನಿಸ್ ಡಬಲ್ಸ್‌ಗೆ ನಗದು ಬಹುಮಾನ ಇಟ್ಟರು. ಆಟವನ್ನೇ ಕಸುಬು ಮಾಡಿಕೊಂಡವರು ಹುಬ್ಬಳ್ಳಿ, ಬಳ್ಳಾರಿಯಿಂದ ಬಂದಿಳಿದರು. ರಾಂಪುರದ ಡ್ರಿಲ್ ಮೇಷ್ಟ್ರು ಚಿತ್ತಪ್ಪನೂ ಬಸ್ಸಿಳಿದು ಕ್ಲಬ್ಬಿಗೆ ಬಂದ. ಕೆಂಪು ಮಣ್ಣಿನ ಅಂಗಳದಲ್ಲಿ ಹನ್ನೊಂದು ವರ್ಷಗಳಿಂದ ಅವನ ಜೊತೆಗಾರನಾಗಿದ್ದ ತಿಪ್ಪೇರುದ್ರ ಆಗಲೇ ಕೈ ಸಡಿಲಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿ, ಚಿತ್ತಪ್ಪ ನಿಲ್ಲಬೇಕಾದ ಎಡಗಡೆಯಲ್ಲಿ, ಬಳ್ಳಾರಿಯ ಕೋಚ್ ಮಾರುತಿ.

"ಹೇಳ್ಬೇಕು ಅಂದ್ಕಂಡಿದ್ದೆ ಕಣಲೇ ಚಿತ್ತ" ಎಂದ ತಿಪ್ಪೇರುದ್ರ.

"ಯಾವಾಗ? ಗೆದ್ಮೇಲಾ?"

"ಈ ಸಲ ದುಡ್ಡಿನ ಆಟ. ನೀನು ಸಿಟ್ಟಾಗ್ಬೇಡ."

ಸಿಟ್ಟಾಗಬೇಡ ಎನ್ನುವುದು ನಮ್ಮ ಕಡೆ ಸಿಟ್ಟು ಬರಿಸಲು ಇರುವ ಹಳೆಯ, ನಂಬಿಕಸ್ತ ಉಪಾಯ.

ಎಣ್ಣೆ ಮಿಲ್ಲಿನ ಕಲ್ಲೇಶಪ್ಪ ಚಿತ್ತಪ್ಪನ ಬೆನ್ನು ತಟ್ಟಿದರು. "ಬಾರಪ್ಪ ಮೇಷ್ಟ್ರೆ, ನನ್ ಜೊತೆಗಾರಂಗೆ ಜ್ವರ. ನಾನು ಓಡಲ್ಲ, ಅದೊಂದು ಮೊದ್ಲೇ ತಿಳ್ಕೊ."

ಚೀಟಿ ಎತ್ತಿದರೆ ಮೊದಲ ಸುತ್ತಿನಲ್ಲೇ ಎದುರಾಳಿಗಳು ತಿಪ್ಪೇರುದ್ರ, ಮಾರುತಿ. ಚಿತ್ತಪ್ಪನಿಗೆ ಬಹುಮಾನ ಬೇಕಿರಲಿಲ್ಲ, ಈ ಒಂದು ಆಟ ಸಾಕಿತ್ತು. ತನ್ನನ್ನು ತೆಗೆದು ಇನ್ನೊಬ್ಬನನ್ನು ಇಟ್ಟರೂ ಏನೂ ಆಗುವುದಿಲ್ಲ ಎಂಬ ಮಾತು ಸುಳ್ಳಾದರೆ ಸಾಕು.

ಕಲ್ಲೇಶಪ್ಪ ಕೊಟ್ಟ ಮಾತಿನಂತೆ ಓಡಲಿಲ್ಲ. ಆದರೆ ನೆಟ್ಟಿನ ಹತ್ತಿರ ಗೂಟದ ಹಾಗೆ ನಿಂತು, ಕೈಗೆ ಸಿಕ್ಕ ಚೆಂಡನ್ನೆಲ್ಲ ಖಾಲಿ ಜಾಗಕ್ಕೆ ಮೆಲ್ಲಗೆ ಜಾರಿಸಿದರು. ಉಳಿದ ಅಂಗಳವೆಲ್ಲ ಚಿತ್ತಪ್ಪನ ಪಾಲು. ಒಂದು ಸೆಟ್ ಇವರಿಗೆ, ಒಂದು ಅವರಿಗೆ. ಮೂರನೆಯದು ಟೈಬ್ರೇಕರ್‌ಗೆ ಹೋಯಿತು. ಅಲ್ಲಿ ಬಳ್ಳಾರಿಯವನ ಜೋಡಿಗೆ ಗೆಲ್ಲಲು ಒಂದೇ ಪಾಯಿಂಟು ಉಳಿಯಿತು.

ಚಿತ್ತಪ್ಪ, ತಿಪ್ಪೇರುದ್ರ ಜೋಡಿಯಾಗಿದ್ದಾಗ ಅಂಗಳದೊಳಗೆ ಮಾತಾಡುತ್ತಿದ್ದುದು ತೆಲುಗಿನಲ್ಲಿ. ದಾವಣಗೆರೆಯ ಎದುರಾಳಿಗಳಿಗೆ ತಿಳಿಯಬಾರದೆಂದು ಹುಟ್ಟಿದ ಪದ್ಧತಿ. 'ನಾದಿ' ಎಂದರೆ ನಾನು ಹೊಡೆಯುತ್ತೇನೆ. 'ವದಿಲೆಯ್' ಎಂದರೆ ಬಿಡು, ಚೆಂಡು ಹೊರಗೆ ಬೀಳುತ್ತದೆ. ಕೂಗು ತಿಪ್ಪೇರುದ್ರನದು, ಪಾಲಿಸುವುದು ಚಿತ್ತಪ್ಪನ ಕೈ; ನಡುವೆ ತಲೆಗೆ ಕೆಲಸವಿರಲಿಲ್ಲ.

ಮಾರುತಿ ಚೆಂಡನ್ನು ಕಲ್ಲೇಶಪ್ಪನ ತಲೆಯ ಮೇಲೆ ಎತ್ತಿ ಹಾಕಿದ. ಚಿತ್ತಪ್ಪ ಹಿಂದಕ್ಕೆ ಓಡಿ ಅದರ ಕೆಳಗೆ ನಿಂತು ರ್‍ಯಾಕೆಟ್ ಎತ್ತಿದ.

"ವದಿಲೆಯ್!"

ಕೈ ಇಳಿಯಿತು. ಚೆಂಡು ಗೆರೆಯಿಂದ ಗೇಣು ಒಳಗೆ ಬಿತ್ತು. ಕೂಗು ನೆಟ್ಟಿನ ಆ ಕಡೆಯಿಂದ ಬಂದದ್ದು ಅವನಿಗೆ ಆಮೇಲೆ ಹೊಳೆಯಿತು.

"ಸಾರ್, ಅವ್ನು ಕೂಗಿದ!" ಎಂದ ಚಿತ್ತಪ್ಪ.

ಅಂಪೈರ್ ಬೊಮ್ಮಲಿಂಗಪ್ಪ ಬ್ಯಾಂಕಿನವರು, ತೆಲುಗು ಬಾರದು. "ಏನ್ ಕೂಗಿದ್ರಿ?"

"ನಮ್ ಹುಡುಗಂಗೆ ಹಿಂದಕ್ಕೆ ನಿಲ್ಲು ಅಂದೆ ಸಾರ್" ಎಂದ ತಿಪ್ಪೇರುದ್ರ.

"ಅವ್ರು ಅವ್ರ ಹುಡುಗಂಗೆ ಹೇಳಿದ್ರೆ ನೀವ್ಯಾಕ್ರೀ ಚೆಂಡು ಬಿಟ್ರಿ?"

ಇದಕ್ಕೆ ಚಿತ್ತಪ್ಪನ ಬಳಿ ಉತ್ತರವಿತ್ತು, ಆದರೆ ಕೋರ್ಟಿನಲ್ಲಿ ನಿಂತು ಹೇಳುವಂಥದ್ದಾಗಿರಲಿಲ್ಲ. ಆಟ ಮುಗಿಯಿತು ಎಂದರು ಬೊಮ್ಮಲಿಂಗಪ್ಪ.

ನೆಟ್ಟಿನ ಬಳಿ ತಿಪ್ಪೇರುದ್ರ ಪಿಸುಗುಟ್ಟಿದ: "ಔಟ್ ಹೋಗ್ತೈತೆ ಅಂದ್ಕಂಡೆ ಕಣೋ. ರೂಢಿ, ಬಾಯಿಗೆ ಬಂದ್ಬಿಡ್ತು."

"ಇಷ್ಟು ವರ್ಷ ನಿನ್ ಅಂದಾಜು ಒಂದ್ ಸಲಾನೂ ತಪ್ಪಿರ್ಲಿಲ್ಲ ಕಣಲೇ, ರುದ್ರ."

ತಿಪ್ಪೇರುದ್ರ ಗೆರೆಯ ಕಡೆ ನೋಡಿದನೇ ಹೊರತು ಇವನ ಮುಖ ನೋಡಲಿಲ್ಲ. ಮಧ್ಯಾಹ್ನದ ಎರಡನೇ ಸುತ್ತಿನಲ್ಲಿ ಹುಬ್ಬಳ್ಳಿಯವರು ತಿಪ್ಪೇರುದ್ರ, ಮಾರುತಿ ಇಬ್ಬರನ್ನೂ ಬೇಗನೆ ಮನೆಗೆ ಕಳಿಸಿದರು. ಅದನ್ನು ನೋಡಿಯೂ ಚಿತ್ತಪ್ಪನಿಗೆ ಸಮಾಧಾನವಾಗಲಿಲ್ಲ.

ಸಂಜೆ ರಾಂಪುರಕ್ಕೆ ಇದ್ದುದು ಒಂದೇ ಬಸ್ಸು. ತಿಪ್ಪೇರುದ್ರ ಕಿಟಕಿಯಿಂದ ಟವೆಲ್ ಎಸೆದು, ಎಂದಿನಂತೆ ಇಬ್ಬರಿಗೆ ಜಾಗ ಹಿಡಿದು ಕೂತಿದ್ದ. ಚಿತ್ತಪ್ಪ ಬಾಗಿಲ ಬಳಿ ಕಂಬ ಹಿಡಿದು ನಿಂತ. ದಾರಿಯಲ್ಲಿ ತಳಕು ಊರಿನಲ್ಲಿ ಅರ್ಧ ಬಸ್ಸು ಇಳಿಯಿತು.

"ಮೇಷ್ಟ್ರೆ, ಅಲ್ಲಿ ನಿಮ್ ದೋಸ್ತ್ ಪಕ್ಕ ಸೀಟ್ ಐತಲ್ರೀ, ಕೂತ್ಕೊಳ್ರಿ" ಎಂದ ಕಂಡಕ್ಟರ್.

"ಅದು ಬಳ್ಳಾರಿಯೋರ್ದು" ಎಂದು ಚಿತ್ತಪ್ಪ ಕಂಬವನ್ನು ಇನ್ನೊಂದು ಕೈಗೆ ಬದಲಿಸಿದ.