ಮೂರನೇ ತಿರುವಿನ ಸದ್ದು

ನನ್ನ ಬಾಲ್ಯವೆಂದರೆ ಒಂದು ವಾಸನೆ. ಬಿಸಿ ಕೋಣೆಯಲ್ಲಿ ಒಣಗುತ್ತಿರುವ ಹೊಸ ಬಣ್ಣ, ಹೊಸ ರಬ್ಬರು, ಗ್ರೀಸು, ಇವುಗಳ ನಡುವೆ ಎಲ್ಲಿಂದಲೋ ತೇಲಿಬರುತ್ತಿದ್ದ ಕೊಬ್ಬರಿ ಎಣ್ಣೆಯ ಘಮ. ಆ ಎಣ್ಣೆ ಕಾರ್ಖಾನೆಯದಲ್ಲ. ನನ್ನ ಬಾಗಿಲುಗಳನ್ನು ಒರೆಸುತ್ತಿದ್ದ ಹೆಂಗಸಿನ ತಲೆಯದು. ಕೈಲಿದ್ದ ಬಟ್ಟೆ ಒರಟಾಗಿದೆ ಅನ್ನಿಸಿದಾಗ ಅವಳು ಸೆರಗಿನ ತುದಿಯಿಂದ ನನ್ನ ಗಾಜು ಒರೆಸುತ್ತಿದ್ದಳು. ಹಾಗೆ ಒರೆಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ನಾನೊಂದು ಡೀಸೆಲ್ ಎಸ್‌ಯುವಿ. ಕಾಗದದಲ್ಲಿ ಏನೇ ಬರೆದಿದ್ದರೂ ಜನ ನನ್ನನ್ನು ಕರೆದದ್ದು ಜೀಪು ಎಂದೇ. ನನ್ನದು ಪೆಟ್ಟಿಗೆಯಂಥ ಮೈ, ಎರಡು ದುಂಡು ಕಣ್ಣು, ಒಬ್ಬರು ಆರಾಮಾಗಿ ಕೂರಬಹುದಾದಷ್ಟು ಅಗಲದ ಮಡ್‌ಗಾರ್ಡು. ಆಗೆಲ್ಲ ಗಟ್ಟಿ ಗಾಡಿ ಎಂದರೆ ಹೀಗೇ ಇರುತ್ತಿತ್ತು. ನೋಡುವವರಿಗೆ ನಾನು ಧೈರ್ಯಶಾಲಿ. ಒಳಗೆ ಮಾತ್ರ ಹುಟ್ಟಿನಿಂದ ಪುಕ್ಕಲು. ಕಾರ್ಖಾನೆಯ ಗೇಟು ದಾಟಿದ ದಿನ ಎದುರಿಗೆ ಬಂದ ಮೊದಲ ಲಾರಿಯನ್ನು ಕಂಡು ನನ್ನ ಇಂಜಿನ್ ಅಲ್ಲೇ ಆರಿಹೋಗಿತ್ತು.

ಮೊದಲು ನನ್ನನ್ನು ಕೊಂಡವರು ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿ ನಾಗಸುಂದರ ಶೆಟ್ಟರು. ಸೀರೆಯ ಗಂಟುಗಳನ್ನು ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿದ ಹಾಗೆ ಕೂರಿಸುತ್ತಿದ್ದರು. ಬಿಸಿಲಿನಲ್ಲಿ ನಿಂತು ನನ್ನ ಸೀಟು ಕಾದಿದ್ದರೆ, ತಮ್ಮ ತಾಯಿ ಹತ್ತುವ ಮೊದಲು ಒದ್ದೆ ಟವಲು ಹಾಸಿ, ಅಂಗೈ ಇಟ್ಟು ನೋಡಿ, "ಈಗ ಬಾವ್ವ" ಅನ್ನುತ್ತಿದ್ದರು. ಆ ಮನೆಯಲ್ಲಿ ಏಳು ವರ್ಷ ಇದ್ದೆ.

ಅಷ್ಟರಲ್ಲಿ ರಸ್ತೆಯ ಮೇಲೆ ಹೊಸ ಮುಖಗಳು ಕಾಣಿಸತೊಡಗಿದವು. ಮೂಲೆಗಳೆಲ್ಲ ಸವೆದು ನುಣುಪಾದ ಗಾಡಿಗಳು, ಸೀಳುಗಣ್ಣು, ಮೂಗಿನ ತುಂಬ ಬೆಳ್ಳಿಪಟ್ಟಿ. ಇನ್ನೂ ಕೆಲವು ವರ್ಷ ಕಳೆದಾಗ ಅವುಗಳ ಚಾವಣಿಯೇ ಗಾಜಾಯಿತು. ಅವೂ ಎಸ್‌ಯುವಿಗಳಂತೆ, ಕೆಸರು ಮಾತ್ರ ಕಂಡವಲ್ಲ. ಶೆಟ್ಟರ ಸೊಸೆ ಒಂದು ದಿನ ನನ್ನನ್ನು ನೋಡಿ, "ಮಾವ, ಇದರಲ್ಲಿ ಮದುವೆಗೆ ಹೋದ್ರೆ ಸಾಮಾನು ಇಳಿಸೋಕೆ ಬಂದವ್ರು ಅಂದ್ಕೋತಾರೆ" ಎಂದು ನಕ್ಕಳು. ಶೆಟ್ಟರೂ ನಕ್ಕರು. ನನಗೆ ನಗು ಬರಲಿಲ್ಲ. ಹದಿನೈದು ದಿನದೊಳಗೆ ನಾನು ಹಳೇ ಗಾಡಿ ಮಾರುವವನ ಅಂಗಳದಲ್ಲಿದ್ದೆ.

ಆ ಅಂಗಳದ ಹಿಂಬದಿ ಗುಜರಿ. ಗೋಡೆ ಮೋಟಾಗಿತ್ತು, ನನಗೆ ಎಲ್ಲ ಕಾಣುತ್ತಿತ್ತು. ಮೊದಲು ಎಣ್ಣೆ ಬಸಿಯುತ್ತಾರೆ, ಆಮೇಲೆ ಕಣ್ಣು ಕೀಳುತ್ತಾರೆ. ಕೊನೆಗೆ ಕಬ್ಬಿಣದ ಹಲಗೆ ಮೇಲಿನಿಂದ ಮೆಲ್ಲಗೆ ಇಳಿಯುತ್ತದೆ. ಮೆಲ್ಲಗೆ ಇಳಿಯುವುದೇ ಭಯ. ಆ ಸದ್ದು ಇವತ್ತಿಗೂ ನನ್ನ ತಗಡಿನಲ್ಲಿ ಉಳಿದಿದೆ.

ಅಲ್ಲಿಂದ ನನ್ನನ್ನು ಬಿಡಿಸಿದವನು ಜಡೆಯ. ಬೆಟ್ಟದ ಮೇಲಿನ ಸೋಲಿಗರವನು, ಮಾತು ಕಡಿಮೆ, ಹಟ ಜಾಸ್ತಿ. ಕೆಳಗಿನ ಊರಿನ ಆಸ್ಪತ್ರೆಯವರು ಬೆಟ್ಟದ ರೋಗಿಗಳನ್ನು ಕರೆತಂದು ಬಿಡುವ ಕೆಲಸವನ್ನು ಅವನಿಗೆ ಒಪ್ಪಿಸಿದ್ದರು. ಹನ್ನೆರಡು ವರ್ಷ ಆ ಕೆಲಸ ನಾವಿಬ್ಬರೂ ಮಾಡಿದೆವು.

ದಾರಿಯಲ್ಲಿ ಕೆಳಗಿನಿಂದ ಎಣಿಸಿದರೆ ಹನ್ನೊಂದು ತಿರುವು. ಮೂರನೆಯ ತಿರುವಿನ ಮೇಲ್ಗಡೆ, ಕಾಡಿನ ಒಳಗೆ, ಜೇನುಕಲ್ಲು ಪೋಡು. ಪೋಡು ಎಂದರೆ ಸೋಲಿಗರ ಹಾಡಿ. ಇಪ್ಪತ್ತು ಮನೆ, ಫೋನಿಗೆ ಸಿಗ್ನಲ್ ಇಲ್ಲ. ಅಲ್ಲಿದ್ದಳು ಕೇತಮ್ಮ. ಅವಳ ಮೂತ್ರಪಿಂಡ ಕೈಕೊಟ್ಟಿತ್ತು. ಸೋಮವಾರ ಮತ್ತು ಗುರುವಾರ ಡಯಾಲಿಸಿಸ್ ಆಗಲೇಬೇಕು, ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ.

ಪೋಡಿನಿಂದ ರಸ್ತೆಗೆ ಕಾಲುದಾರಿ. ರಸ್ತೆ ಆನೆ ದಾಟುವ ಜಾಗ, ಅಲ್ಲಿ ಯಾರೂ ನಿಂತು ಕಾಯುವುದಿಲ್ಲ. ಅದಕ್ಕೆ ಅವರದೇ ಒಂದು ಕ್ರಮವಿತ್ತು. ಮೂರನೇ ತಿರುವಿನಲ್ಲಿ ಜಡೆಯ ನನ್ನನ್ನು ಮೊದಲ ಗೇರಿಗೆ ಇಳಿಸುತ್ತಿದ್ದ. ನಾನು ಗುಡುಗುತ್ತಿದ್ದೆ, ಎದುರಿನ ಬಂಡೆ ಅದನ್ನು ಮೇಲಕ್ಕೆ ಎಸೆಯುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ಇಬ್ಬರು ಗಂಡಸರು ಕೇತಮ್ಮನನ್ನು ಕುರ್ಚಿ ಸಮೇತ ಎತ್ತುತ್ತಿದ್ದರು. ಸೊಸೆ ಮಾದಿ ಚೀಲ ಹಿಡಿದು ಮುಂದೆ ಬರುತ್ತಿದ್ದಳು. ನಾನು ರಸ್ತೆಯಲ್ಲಿ ನಿಲ್ಲುವುದಕ್ಕೂ ಅವರು ಕೆಳಗೆ ತಲುಪುವುದಕ್ಕೂ ಸರಿಹೋಗುತ್ತಿತ್ತು. ಒಂದು ದಿನವೂ ತಪ್ಪಿರಲಿಲ್ಲ.

ಕೇತಮ್ಮನ ಬಾತ ಕಾಲಿಗೆ ನನ್ನ ಎತ್ತರ ಹತ್ತಲಾಗುತ್ತಿರಲಿಲ್ಲ. ಜಡೆಯ ಒಂದು ಮೆಟ್ಟಿಲು ಬೆಸುಗೆ ಹಾಕಿಸಿ, ಮೇಲೆ ಗೋಣಿಚೀಲ ಸುತ್ತಿದ್ದ. "ಏನಪ್ಪ, ನಂಗ ಅರಮನೆ ಮೆಟ್ಲಾ?" ಅಂದಿದ್ದಳು ಅವಳು. ಅವನು, "ಹತ್ತು ಹತ್ತು, ರಾಣಿ ಮಾತು ಸಾಕು" ಅಂದಿದ್ದ.

ಒಂದು ಮಾತು ಬಚ್ಚಿಡಲಾರೆ. ನಾನು ಕಪ್ಪು ಹೊಗೆ ಕಾರುತ್ತಿದ್ದೆ. ಹಿಂದೆ ಕೂತವರು ಕೆಮ್ಮುತ್ತಿದ್ದರು, ಕೆಲವರು ವಾಂತಿ ಮಾಡುತ್ತಿದ್ದರು. ಬ್ಯಾಟರಿ ಸೋತಿತ್ತು. ಜಡೆಯ ಯಾವಾಗಲೂ ಇಳಿಜಾರಿನಲ್ಲೇ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಹೊರಡುವಾಗ ಕಲ್ಲು ತೆಗೆದು ಉರುಳಿಸಿ, ಎರಡನೇ ಗೇರು ಹಾಕಿ ಕ್ಲಚ್ಚು ಬಿಟ್ಟರೆ ನಾನು ಎಚ್ಚರಗೊಳ್ಳುತ್ತಿದ್ದೆ. ಎಫ್‌ಸಿ ಎಂದರೆ ಗಾಡಿ ಓಡಲು ಯೋಗ್ಯವೆಂಬ ಸರ್ಟಿಫಿಕೇಟು, ಅದು ಮುಗಿಯುವ ದಿನ ಹತ್ತಿರ ಬಂದಿತ್ತು. ಈ ಸಲ ನಾನು ಪಾಸಾಗುವುದಿಲ್ಲ ಎಂದು ಮೆಕ್ಯಾನಿಕ್ ನನ್ನೆದುರೇ ಹೇಳಿದ್ದ.

ಆಸ್ಪತ್ರೆಗೆ ಹೊಸ ಗಾಡಿ ಬಂತು. ಬಿಳಿ ಬಣ್ಣ, ನನಗಿಂತ ಎತ್ತರ, ಕರೆಂಟಿನದು. ಅದರ ಮುಖ ನೋಡಿ ಬೆಚ್ಚಿದೆ. ಮುಂದೆ ಜಾಲರಿಯೇ ಇರಲಿಲ್ಲ, ಮೂಗು ಮುಚ್ಚಿಕೊಂಡ ಹಾಗೆ. ಅದಕ್ಕೆ ಉಸಿರು ಬೇಡವಂತೆ, ದಾರಿಯನ್ನೂ ಅದೇ ಹೇಳುತ್ತದಂತೆ. ಡಾಕ್ಟರು ಜಡೆಯನನ್ನು ಕರೆದು, "ನೀನೇ ಓಡಿಸಪ್ಪ, ಕಲಿಸ್ತೀವಿ" ಅಂದರು. ಅವನು, "ಗೇರಿಲ್ಲದ ಗಾಡಿ ನಾ ಮುಟ್ಟಲ್ಲ ಸಾರ್" ಎಂದು ಬಂದುಬಿಟ್ಟ. ಹಾಗಾಗಿ ಆ ಕೆಲಸ ಅರುಳ್ ಮೇರಿಗೆ ಸಿಕ್ಕಿತು. ಕೆಳಗಿನ ಊರಿನ ಹುಡುಗಿ, ಆಟೋ ಓಡಿಸಿ ಪಳಗಿದವಳು.

ಅವಳು ದಾರಿ ನೋಡಿಕೊಳ್ಳಲು ಮೊದಲ ಸಲ ಬೆಟ್ಟಕ್ಕೆ ಬಂದಾಗ ಟೀ ಅಂಗಡಿಯಲ್ಲಿ ದೊಡ್ಡ ಚರ್ಚೆ ನಡೆಯಿತು. ನಾನು ಪಕ್ಕದ ಇಳಿಜಾರಿನಲ್ಲಿದ್ದೆ.

"ನಮ್ ದೀಪಕ್ಕೇ ಕರೆಂಟಿಲ್ಲ. ನಿನ್ ಗಾಡಿಗ ಎಲ್ಲಿಂದ ತಂದೀಯೆ?" ಎಂದ ಅಂಗಡಿಯವನು.

"ಕೆಳಗೆ ಆಸ್ಪತ್ರೇಲಿ ಚಾರ್ಜ್ ಮಾಡ್ಕೊಂಡು ಬತ್ತೀನಿ ಅಣ್ಣ. ಬೆಟ್ಟ ಇಳಿಯೋವಾಗ ಬ್ಯಾಟರಿ ತಾನಾಗೇ ಸ್ವಲ್ಪ ತುಂಬ್ಕೋತದೆ."

"ಹಂಗಾರ ಇಳೀತಾನೇ ಇರವ್ವ, ಹತ್ತಲೇ ಬ್ಯಾಡ!"

ಎಲ್ಲರೂ ನಕ್ಕರು. ಮೇರಿಯೂ ನಕ್ಕಳು. ಒಬ್ಬ ಮುದುಕ ಮಾತ್ರ ಗಾಡಿಯ ಸುತ್ತ ಒಂದು ಸುತ್ತು ಬಂದು, "ಹೊಗೆ ಇಲ್ಲ ಕನ್ರೋ. ನನ್ ಎದೆಗ ಇದೇ ಸೈ" ಅಂದ. ಜಡೆಯ ಟೀ ಅರ್ಧಕ್ಕೇ ಬಿಟ್ಟು ಎದ್ದ.

ಮೇರಿ ಅವನ ಹಿಂದೆಯೇ ನನ್ನ ಹತ್ತಿರ ಬಂದಳು. "ಅಣ್ಣ, ಸೋಮವಾರದಿಂದ ನಾನೇ ಬರ್ಬೇಕಂತೆ. ಈ ದಾರಿ ನಿಮಗೆ ಗೊತ್ತಿರೋ ಹಂಗೆ ಯಾರಿಗೂ ಗೊತ್ತಿಲ್ಲ. ಏನಾದ್ರೂ ಹೇಳೋದಿದ್ರೆ ಹೇಳಿ."

ಜಡೆಯ ನನ್ನ ಬಾನೆಟ್ಟು ಒರೆಸುತ್ತಲೇ ಇದ್ದ. "ಗಾಡಿಯೇ ಎಲ್ಲಾ ಹೇಳ್ತದಂತಲ್ಲ. ಅದನ್ನೇ ಕೇಳವ್ವ."

ಅವಳು ಬಿಳಿ ಗಾಡಿ ಹತ್ತಿ ಹೋದಳು. ಮೂರನೇ ತಿರುವಿನ ಮಾತು ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ. ಬಾಯಿದ್ದಿದ್ದರೆ ಹೇಳುತ್ತಿದ್ದೆನೇ? ನನಗೂ ಆ ಬಿಳಿ ಗಾಡಿ ಸೋಲಲಿ ಎಂದೇ ಇತ್ತು. ಅದು ಸೋತರೆ ನಾನು ಉಳಿದೇನು ಎಂಬ ಆಸೆ.

ಭಾನುವಾರ ನನ್ನ ಎಫ್‌ಸಿ ಮುಗಿಯಿತು. ನಾನು ಆಮೇಲೆ ಕೇಳಿದ ಹಾಗೆ, ಸೋಮವಾರ ಬೆಳಿಗ್ಗೆ ಬಿಳಿ ಗಾಡಿ ಮೂರನೇ ತಿರುವು ದಾಟಿ ರಸ್ತೆಯಲ್ಲಿ ನಿಂತಿತು. ಸದ್ದಿರಲಿಲ್ಲ. ಹಾರನ್ ಮಾಡಬಾರದು ಎಂದು ಅರಣ್ಯದವರ ಹಲಗೆ ಇತ್ತು, ಮೇರಿ ಮಾಡಲಿಲ್ಲ. ಕಾಲುದಾರಿಯಲ್ಲಿ ಆನೆಯ ಲದ್ದಿ ಹೊಗೆಯಾಡುತ್ತಿತ್ತು, ಅವಳಿಗೆ ಮೇಲೆ ಹೋಗಲು ಧೈರ್ಯ ಬರಲಿಲ್ಲ. ಗಾಡಿಯೊಳಗೆ ಇನ್ನೂ ಇಬ್ಬರು ರೋಗಿಗಳಿದ್ದರು. ಇಪ್ಪತ್ತು ನಿಮಿಷ ಕಾದು, ಇವತ್ತು ಬರುವುದಿಲ್ಲವೇನೋ ಎಂದುಕೊಂಡು ಹೊರಟಳು. ಮೇಲೆ, ಇಬ್ಬರು ಗಂಡಸರು ಕುರ್ಚಿಯ ಎರಡೂ ಬದಿ ನಿಂತು ಮಧ್ಯಾಹ್ನದವರೆಗೆ ಕಿವಿಗೊಟ್ಟು ಕಾದರಂತೆ.

ಮಂಗಳವಾರ ಮಧ್ಯಾಹ್ನ ಬೆಟ್ಟದ ಟೀ ಅಂಗಡಿಯ ಹತ್ತಿರ ನಾವಿದ್ದಲ್ಲಿಗೆ ಮಾದಿ ಓಡಿಬಂದಳು. ಕಾಲಲ್ಲಿ ಮುಳ್ಳು ನೆಟ್ಟಿತ್ತು. "ಜಡೆಯಣ್ಣ, ಅತ್ತೆಗ ಉಸ್ರಾಡಕ್ಕ ಆಯ್ತಿಲ್ಲ. ಯಾಕ ಬರ್ನಿಲ್ಲ ನೀನು? ಸದ್ದೇ ಕೇಳ್ನಿಲ್ಲ!"

ಜಡೆಯ ಅವಳನ್ನೇ ನೋಡಿದ. ಅವನ ಮುಖದ ಬಣ್ಣ ಇಳಿದದ್ದನ್ನು ನಾನು ಕಂಡೆ. ಬಿಳಿ ಗಾಡಿ ಕೆಳಗೆ ಆಸ್ಪತ್ರೆಯಲ್ಲಿತ್ತು. ಅವನು ಚಕ್ರದ ಕಲ್ಲನ್ನು ಕಾಲಿನಿಂದ ತಳ್ಳಿದ.

ಕೇತಮ್ಮನನ್ನು ಹತ್ತಿಸಿಕೊಂಡು ನಾವು ಇಳಿದೆವು. ಬ್ರೇಕು ಮೆತ್ತಗಾಗಿತ್ತು, ಜಡೆಯ ಗೇರಿನಲ್ಲೇ ಹಿಡಿಯುತ್ತಿದ್ದ. ಒಂದೊಂದು ತಿರುವಿನಲ್ಲೂ ಕೆಳಗಿನ ಕಣಿವೆ ನನ್ನ ಮುಂದಿನ ಚಕ್ರಕ್ಕೆ ಕಾಣುತ್ತಿತ್ತು. ಎರಡನೇ ತಿರುವಿನಲ್ಲಿ ರಸ್ತೆಗೆ ಅಡ್ಡಲಾಗಿ ಆನೆ. ಒಂಟಿ.

ಜಡೆಯ ಇಂಜಿನ್ ಆರಿಸಿದ.

ಹನ್ನೆರಡು ವರ್ಷದಲ್ಲಿ ಅಷ್ಟೊಂದು ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ನನ್ನ ಸದ್ದು ನಿಂತ ಮೇಲೆ ಕೇತಮ್ಮನ ಉಸಿರು ಕೇಳಿಸಿತು. ಒದ್ದೆ ಬಟ್ಟೆ ಹರಿದ ಹಾಗೆ. ಮಾದಿ ಅತ್ತೆಯ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡು, ಸೆರಗಿನಲ್ಲಿ ಗಾಳಿ ಹಾಕುತ್ತಿದ್ದಳು, ಸೆರಗಿನ ಸದ್ದೂ ಆಗದಂತೆ. ಆನೆ ಬಿದಿರು ಮುರಿಯಿತು, ಕಿವಿ ಬೀಸಿತು, ನಮ್ಮ ಕಡೆ ಒಮ್ಮೆ ನೋಡಿತು. ಇನ್ನು ನಾನು ಎಚ್ಚರಗೊಳ್ಳದೆ ಹೋದರೆ? ನನ್ನ ಹೆದರಿಕೆಗಳೆಲ್ಲ ಅದುವರೆಗೆ ನನ್ನ ಬಗ್ಗೆಯೇ ಇದ್ದವು. ಅವತ್ತು ಮೊದಲ ಸಲ ಇನ್ನೊಬ್ಬರಿಗಾಗಿ ಹೆದರಿದೆ. ಅದು ಹೆಚ್ಚು ಭಾರ.

ಆನೆ ಕಾಡಿಗೆ ಇಳಿಯಿತು. ಜಡೆಯ ಹ್ಯಾಂಡ್‌ಬ್ರೇಕು ಬಿಟ್ಟ. ನಾನು ಮೆಲ್ಲಗೆ ಉರುಳಿದೆ, ಅವನು ಕ್ಲಚ್ಚು ಬಿಟ್ಟ. ಒಮ್ಮೆ ಕುಲುಕಿದೆ, ಹಿಡಿಯಲಿಲ್ಲ. ಇನ್ನೊಮ್ಮೆ ಬಿಟ್ಟ. "ಏಳೋ, ನನ್ನಪ್ಪ" ಅಂದ. ಎದ್ದೆ.

ಆಸ್ಪತ್ರೆಯ ಅಂಗಳದಲ್ಲಿ ಮೊದಲು ಓಡಿಬಂದವಳು ಮೇರಿ. ಕೇತಮ್ಮನ ಕಾಲುಗಳನ್ನು ತನ್ನ ತೋಳಿನ ಮೇಲೆ ಎತ್ತಿಕೊಂಡು ಸ್ಟ್ರೆಚರಿಗೆ ಮಲಗಿಸಿದಳು. ಬಾಗಿಲು ಮುಚ್ಚಿತು. ಜಡೆಯ ನನ್ನ ಮೆಟ್ಟಿಲ ಮೇಲೆ ಕುಳಿತ.

ಸಂಜೆಯಾಗುವ ಹೊತ್ತಿಗೆ ಡಾಕ್ಟರು ಹೊರಬಂದರು. "ಗಂಡಾಂತರ ಕಳೀತು. ಇನ್ನೊಂದು ಗಂಟೆ ತಡವಾಗಿದ್ರೆ ಕಷ್ಟ ಇತ್ತು."

ಮೇರಿ ಗೋಡೆಗೆ ಒರಗಿ ನಿಂತಿದ್ದಳು. "ನನ್ನಿಂದಾನೇ ಸಾರ್. ಇನ್ನೂ ಕಾಯ್ಬೇಕಿತ್ತು. ಕೀ ಕೊಟ್ಬಿಡ್ತೀನಿ" ಎಂದು ಕೈ ಚಾಚಿದಳು.

ಡಾಕ್ಟರು ಕೀ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ನೋಡಿದರು. "ಜಡೆಯ, ಬೆಟ್ಟಕ್ಕೆ ನಿನ್ ಗಾಡಿಯೇ ಸರಿಯೇನೋ. ರಿಪೇರಿ ಮಾಡ್ಸಿ ಎಫ್‌ಸಿ ನೋಡೋಣ್ವಾ? ಇನ್ನೆರಡು ವರ್ಷ ನಡೀಲಿ."

ಇನ್ನೆರಡು ವರ್ಷ! ಕಬ್ಬಿಣದ ಹಲಗೆ ನನ್ನಿಂದ ಎರಡು ವರ್ಷ ದೂರ ಸರಿದಿತ್ತು. ಜಡೆಯ ಸುಮ್ಮನಿದ್ದರೆ ಸಾಕು, ಅವನಿಗೆ ಕೆಲಸ, ನನಗೆ ಜೀವ. ಸುಮ್ಮನಿರು, ಸುಮ್ಮನಿರು ಎಂದು ನನ್ನ ಪ್ರತಿ ಮೊಳೆಯೂ ಬೇಡಿಕೊಂಡಿತು. ಅವನು ನನ್ನ ಮೆಟ್ಟಿಲಿನಿಂದ ಎದ್ದು ನಿಂತ.

"ಅವ್ಳ ತಪ್ಪಲ್ಲ ಸಾರ್," ಎಂದ. "ಕೇಳಿದ್ಲು. ನಾನೇ ಹೇಳ್ನಿಲ್ಲ." ಆಮೇಲೆ ಮೇರಿಯ ಕಡೆ ತಿರುಗಿ, ಮುಖ ನೋಡದೆ ಹೇಳಿದ, "ಮೂರನೇ ತಿರುವ್ನಲ್ಲಿ ಸದ್ದು ಮಾಡ್ಬೇಕು ಕನವ್ವ. ಅದು ಕೇಳಿದ್ ಮ್ಯಾಲೇ ಅವ್ರು ಕುರ್ಚಿ ಎತ್ತದು. ಹಾರನ್ನಿಗ ಅರಣ್ಯದವ್ರತ್ರ ನಾನೇ ಮಾತಾಡ್ತೀನಿ. ಗುರುವಾರ ನಿನ್ ಪಕ್ಕ ಕೂತ್ಕಂಡು ಬತ್ತೀನಿ, ಒಂದೊಂದು ತಿರುವೂ ತೋರುಸ್ತೀನಿ. ಈ ಗಾಡಿ ಬ್ರೇಕು ಸತ್ತೋಗದೆ ಸಾರ್. ಇದ್ರಲ್ಲಿ ಇನ್ಯಾರ್‌ನೂ ಕೂರ್ಸಬಾರ್ದು."

ಅವನ ಅಂಗೈ ನನ್ನ ಬಾಗಿಲ ಮೇಲಿತ್ತು. ನನ್ನ ಮರಣದ ಮಾತನ್ನು ಅವನು ಆಡಿದ್ದು ಹಾಗೆ, ನನ್ನನ್ನು ಸವರುತ್ತ.

ಈಗ ನಾನು ಆಸ್ಪತ್ರೆಯ ಹಿಂದಿನ ಮೂಲೆಯಲ್ಲಿದ್ದೇನೆ. ಶನಿವಾರ ಗುಜರಿಯ ಲಾರಿ ಬರುತ್ತದಂತೆ. ಭಯ ಹೋಯಿತೆಂದು ಸುಳ್ಳು ಹೇಳಲಾರೆ, ರಾತ್ರಿ ತಗಡು ತಣ್ಣಗಾಗಿ ಚಟ್ಟೆಂದರೂ ಬೆಚ್ಚುತ್ತೇನೆ. ಆದರೆ ನನ್ನ ಕಾಲ ಮುಗಿದದ್ದು ಆ ಬಿಳಿ ಗಾಡಿಯಿಂದ ಎಂಬ ಸಿಟ್ಟು ಈಗಿಲ್ಲ. ಅದು ಗಾಳಿ ಕೆಡಿಸುವುದಿಲ್ಲ, ಮುದುಕರು ಅದರಲ್ಲಿ ನಿದ್ದೆ ಮಾಡಿಕೊಂಡು ಬರುತ್ತಾರೆ. ಅದಕ್ಕೆ ಗೊತ್ತಿಲ್ಲದ್ದು ಕೆಲವು ಇವೆ. ಅವನ್ನು ಹೇಳಿಕೊಡಲು ಬೆಟ್ಟ ಬಲ್ಲವರು ಪಕ್ಕದಲ್ಲಿ ಕೂರಬೇಕು, ಅಷ್ಟೇ.

ಅವತ್ತು ಜಡೆಯ ಅಷ್ಟು ಹೇಳಿದ ಮೇಲೆ ಡಾಕ್ಟರು ಅವನ ಭುಜ ಮುಟ್ಟಿ ಒಳಗೆ ಹೋದರು. ಮೇರಿ ಕೀಯನ್ನು ಮುಷ್ಟಿಯಲ್ಲಿ ಹಿಡಿದು ಸರಸರ ನಡೆದುಬಿಟ್ಟಳು. ಸಿಟ್ಟಿರಬೇಕು, ಸಿಟ್ಟು ನ್ಯಾಯವೇ ಎಂದುಕೊಂಡೆ. ಜಡೆಯನೂ ಹಾಗೇ ಅಂದುಕೊಂಡಿರಬೇಕು, ತಲೆ ಎತ್ತಲಿಲ್ಲ. ಅವನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಬಿಳಿ ಗಾಡಿಯ ಕಡೆಯಿಂದ ವಾಪಸು ಬಂದಳು. ಕೈಯಲ್ಲಿ ಊಟದ ಡಬ್ಬಿ. ಮೊಸರನ್ನ, ಒಂದು ಬದಿಗೆ ಮಾವಿನ ಉಪ್ಪಿನಕಾಯಿ. ಅರ್ಧವನ್ನು ಮುಚ್ಚಳಕ್ಕೆ ಹಾಕಿ ತಾನಿಟ್ಟುಕೊಂಡಳು. ಡಬ್ಬಿಯನ್ನು, ಒಂದೇ ಒಂದು ಚಮಚದ ಸಮೇತ, ಅವನ ಕೈಗೆ ಕೊಟ್ಟಳು.