ಹೊಳಿಗೆ ಬಿಟ್ಟ ಪೈಪು

ಝಳಕಿಯಲ್ಲಿ ಬಸ್ಸಿಳಿದ ರಾಜೇಶ್ವರಿಗೆ ಗುರಲಿಂಗಪ್ಪ ಸಾಹುಕಾರರು ಜೀಪು ಕಳಿಸಿದ್ದರು. ಅವರ ಕೋಳಿ ಫಾರ್ಮಿನ ಹೊಲಸು ಭೀಮಾ ಹೊಳೆಯನ್ನು ಹೇಗೆ ಕೆಡಿಸುತ್ತಿದೆ ಎಂದು ತೋರಿಸುವ ಸಾಕ್ಷ್ಯಚಿತ್ರ ಮಾಡಲು ಅವಳು ವಿಜಾಪುರದ ಕಾಲೇಜಿನಿಂದ ಬಂದಿದ್ದಳು. ಫೋನಿನಲ್ಲಿ ಅಷ್ಟೆಲ್ಲ ಹೇಳುವ ಧೈರ್ಯವಾಗದೆ, "ನಿಮ್ಮ ಫಾರ್ಮಿನ ಮ್ಯಾಲೆ ಫಿಲ್ಮ್ ಮಾಡ್ತೇನ್ರಿ" ಎಂದಷ್ಟೇ ಅಂದಿದ್ದಳು.

ಸಾಹುಕಾರರು ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿ ಕಾಯುತ್ತಿದ್ದರು. ಶೆಡ್ಡಿನೊಳಗೆ ಒಂದರ ಮೇಲೊಂದು ಪೇರಿಸಿದ ಪಂಜರಗಳು. ಕೋಳಿಗಳಿಗೆ ರೆಕ್ಕೆ ಬಿಚ್ಚಲೂ ಜಾಗವಿರಲಿಲ್ಲ.

"ಇಷ್ಟು ಇಕ್ಕಟ್ಟಿನ್ಯಾಗ ಹೆಂಗ ಇರ್ತಾವ್ರಿ?"

"ತಿರಗಾಡಿದ್ರ ತತ್ತಿ ಕಡಿಮಿ ಆಗ್ತಾವ ತಂಗಿ. ಕುಂತು ತಿಂತಾವ, ಆರಾಮ ಅದಾವ."

ಆಮೇಲೆ ಅವರೇ ಅವಳನ್ನು ಹಿಂದಕ್ಕೆ ಕರೆದೊಯ್ದರು. "ನಮ್ಮಲ್ಲಿ ವಾಸನಿ ಯಾಕಿಲ್ಲ, ಗೊತ್ತೇನು? ತೊಳದ ನೀರು, ಹಿಕ್ಕಿ, ಪುಚ್ಚ, ಎಲ್ಲಾ ಈ ಪೈಪಿನಾಗ ಸೀದಾ ಹೊಳಿಗೆ. ನಾನ ಹಾಕ್ಸೀನಿ. ಇದನ್ನೂ ತಗಿ."

ರಾಜೇಶ್ವರಿ ಒಂದು ಕೈಯಲ್ಲಿ ಮೂಗಿಗೆ ಕರವಸ್ತ್ರ ಹಿಡಿದು, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದು ತೆಗೆದಳು. ಸಾಹುಕಾರರು ಪೈಪಿನ ಮೇಲೆ ಕೈಯಿಟ್ಟು ನಿಂತರು.

ಚಿತ್ರ ಸಿದ್ಧವಾದಾಗ ಅದನ್ನು ಮೊದಲು ತಮ್ಮ ಮನೆಯಲ್ಲೇ ತೋರಿಸಬೇಕೆಂದು ಸಾಹುಕಾರರು ಹಟ ಹಿಡಿದು, ಬೀಗರನ್ನೂ ಕರೆಸಿದ್ದರು. ರಾಜೇಶ್ವರಿ ಅಂಜುತ್ತಲೇ ಕ್ಯಾಸೆಟ್ ಹಾಕಿದಳು. ಪೈಪು ಬಂದಾಗ ಸಾಹುಕಾರರು ಬೀಗರ ಕಡೆ ವಾಲಿ, "ನಾನ ಹಾಕ್ಸಿದ್ದು" ಅಂದರು. ಆಮೇಲೆ ಚಿತ್ರ ಹೊಳೆಯ ಜೊತೆ ಕೆಳಗೆ ಸಾಗಿತು. ನೀರಿನ ಮೇಲೆ ಕೋಳಿಯ ಪುಕ್ಕಗಳು ತೇಲುತ್ತ ಸ್ನಾನಘಟ್ಟದ ಮೆಟ್ಟಿಲಿಗೆ ಬಂದು ಅಂಟಿಕೊಂಡವು.

ಬಾಗಿಲ ಬಳಿ ಕೂತಿದ್ದ ಅವರ ಹೆಂಡತಿ ಇಂದ್ರಾಬಾಯಿ ಕೇಳಿದರು: "ಅಮಾಸಿಗೊಮ್ಮೆ ನಾ ಮುಳುಗೇಳೂದು ಈ ಘಟ್ಟದಾಗಲ್ಲೇನ್ರಿ? ದೇವರ ಪೂಜಾಕ ತಂಬಿಗಿ ತುಂಬ್ಕೊಂಡು ಬರೂದೂ ಇಲ್ಲಿಂದನ ಅಲ್ಲ?"

ಬೀಗರು ಸಾಹುಕಾರರ ಕಡೆ ತಿರುಗಿದರು. ಸಾಹುಕಾರರು, "ಹರಿಯೂ ನೀರಿಗೆ ಮೈಲಿಗಿ ಎಲ್ಲಿ ಐತಿ" ಅಂದರು.

"ಹಂಗಾರ ನಾಳಿಂದ ನಿಮ್ಮ ಚಹಾಕ್ಕೂ ಅದ ನೀರು ತರಸ್ತೇನಿ."

ತರಿಸಿದರು ಕೂಡ. ಎರಡನೆಯ ದಿನದ ಚಹಾಕ್ಕೆ ಸಾಹುಕಾರರು ಸೋತರು. ಪೈಪು ಕಿತ್ತರು, ಫಾರ್ಮಿನ ಹಿಂದೆ ತಿಪ್ಪೆಗುಂಡಿ ತೋಡಿಸಿದರು. ಹೊಲಸೆಲ್ಲ ಗೊಬ್ಬರವಾಗಿ ಹೊಲಕ್ಕೆ ಹೋಗತೊಡಗಿತು. ಕೋಳಿಗಳು ಮಾತ್ರ ಅದೇ ಪಂಜರದಲ್ಲಿ ಉಳಿದವು. ಅವು ಯಾವ ದೇವರ ನೀರಿಗೂ ಅಡ್ಡ ಬಂದಿರಲಿಲ್ಲ.

ಕಾಲೇಜಿನ ಚಿತ್ರ ಸ್ಪರ್ಧೆಯಲ್ಲಿ ರಾಜೇಶ್ವರಿಗೆ ಬಹುಮಾನ ಬರಲಿಲ್ಲ. ಸಮಸ್ಯೆಯಷ್ಟೇ ಇದೆ, ಪರಿಹಾರವಿಲ್ಲ ಎಂದರು ತೀರ್ಪುಗಾರರು. ಪರಿಹಾರ ಆದದ್ದೇ ಚಿತ್ರ ನೋಡಿದ ಮೇಲೆ ಎಂದು ಅವಳು ಹೇಳಿ ನೋಡಿದಳು. ಚಿತ್ರದಲ್ಲಿ ಇಲ್ಲದ್ದನ್ನು ಲೆಕ್ಕಕ್ಕೆ ತಗೊಳ್ಳಲು ಬರುವುದಿಲ್ಲ ಎಂದರು.

ದೀಪಾವಳಿ ಮುಗಿದ ಮೇಲೆ ಊರವರು, ಹೊಳೆ ಉಳಿಸಿದವರೆಂದು ಗುರಲಿಂಗಪ್ಪನವರಿಗೆ ಸನ್ಮಾನ ಇಟ್ಟುಕೊಂಡರು. ವಿಡಿಯೋ ತೆಗೆಯಲು ಕರೆದದ್ದು ರಾಜೇಶ್ವರಿಯನ್ನು. ಸಿಟ್ಟು ಬಂದರೂ ಹೋದಳು.

ಶಾಲು ಹೊದ್ದ ಸಾಹುಕಾರರು, ಹೊಳೆಯ ಚಿಂತೆಯಲ್ಲಿ ತಮಗೆ ಎಷ್ಟೋ ದಿನ ನಿದ್ದೆಯೇ ಬಂದಿರಲಿಲ್ಲ ಎಂದು ಭಾಷಣ ಶುರುಮಾಡಿದರು. ಮುಂದಿನ ಸಾಲಿನಲ್ಲಿ ಇಂದ್ರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದರು. ರಾಜೇಶ್ವರಿ ಕ್ಯಾಮೆರಾವನ್ನು ಇಂದ್ರಾಬಾಯಿಯತ್ತ ತಿರುಗಿಸಿದಳು. ಭಾಷಣ ಮುಗಿಯುವವರೆಗೂ ಅಲ್ಲಿಂದ ಕದಲಿಸಲಿಲ್ಲ.